ಗುಡಿ ಬೇಡ, ಅಂಗಡಿ ಇಡಿಸಿ

ಪ್ರಶ್ನೆ: ಕಾಲೇಜಿನ ದಿನಗಳಿಂದ ಒಂದು ಆನ್‌ಲೈನ್ ರೋಲ್‌ಪ್ಲೇ ಆಟ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಆಟ, ಆಡುತ್ತಿದ್ದೇನೆ. ಅದರಲ್ಲಿ ಚಿತ್ರಗಳಿಲ್ಲ, ಎಲ್ಲವನ್ನೂ ಟೈಪ್ ಮಾಡಿಯೇ ಆಡಬೇಕು. ನನ್ನ ಪಾತ್ರ ಒಬ್ಬ ವೈದ್ಯೆ. ಈಗ ಕೆಲಸ, ಮಗು ಅಂತ ಸಮಯ ಸಿಗುತ್ತಿಲ್ಲ. ಆಟ ನಡೆಸುವವರು ‘ಪಾತ್ರವನ್ನು ನಮಗೆ ಬಿಟ್ಟುಕೊಡಿ, ಆ ಲೋಕದಲ್ಲೇ ಉಳಿಸಿಕೊಳ್ಳುತ್ತೇವೆ’ ಎಂದಿದ್ದಾರೆ. ಹಾಗಾದರೆ ಬೆಟ್ಟದ ಮೇಲೆ ಅವಳಿಗೊಂದು ಗುಡಿ ಕಟ್ಟಿಸಿ, ದೇವತೆ ಮಾಡಿ ಎಂದು ಕೇಳಿದ್ದೇನೆ. ಗೆಳೆಯರು ಸುಮ್ನೆ ಡಿಲೀಟ್ ಮಾಡು ಅನ್ನುತ್ತಾರೆ. ನೀವೇನು ಹೇಳುತ್ತೀರಿ? – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದುತ್ತಾ ಖುಷಿಯಾಗಿತ್ತು. ಗುಡಿಯ ಸಾಲಿಗೆ ಬಂದಾಗ ಮುಖ ಸಿಂಡರಿಸಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಗೆಳೆಯರ ಮಾತು. ಅದರಲ್ಲಿ ಅರ್ಥ ಇಲ್ಲದೇ ಇಲ್ಲ. ಬಿಟ್ಟುಕೊಟ್ಟ ಮೇಲೆ ಆಕೆಯ ಬಾಯಲ್ಲಿ ಬೇರೆ ಯಾರೋ ಮಾತಾಡುತ್ತಾರೆ. ನೀವು ಜನ್ಮದಲ್ಲಿ ಆಡಿಸದ ಮಾತನ್ನೂ ಆಡಿಸಬಹುದು. ಅದನ್ನು ಸಹಿಸಲಾಗದವರು ಡಿಲೀಟ್ ಒತ್ತಿ ಮಲಗುವುದೇ ವಾಸಿ. ಆ ಪಕ್ಷಕ್ಕೆ ನನ್ನ ಮರ್ಯಾದೆ ಇಷ್ಟೇ. ಯಾಕೆಂದರೆ ನಿಮ್ಮ ವೈದ್ಯೆ ನಿಮ್ಮೊಬ್ಬರ ಸೊತ್ತಲ್ಲ. ಆಕೆ ಯಾರ ಯಾರ ಗಾಯಕ್ಕೆ ಪಟ್ಟಿ ಕಟ್ಟಿದಳೋ ಅವರೆಲ್ಲರ ಕಥೆಯಲ್ಲೂ ಆಕೆ ಇದ್ದಾಳೆ. ನಿಮ್ಮ ಪುಟ ಹರಿದರೆ ಅವರ ಪುಸ್ತಕವೂ ಹರಿಯುತ್ತದೆ, ಅಲ್ವಾ?

ಪಾತ್ರಗಳನ್ನು ಹೇಗೆ ನಿವೃತ್ತಿ ಮಾಡಬೇಕು ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ಭೀಮ ಸೌಗಂಧಿಕಾ ಹೂವು ತರಲು ಹೊರಟಾಗ ದಾರಿಗೆ ಅಡ್ಡವಾಗಿ ಒಂದು ಮುದಿ ಕೋತಿ ಮಲಗಿರುತ್ತದಲ್ಲ, ನೆನಪಿಸಿಕೊಳ್ಳಿ. ಹಿಂದಿನ ಯುಗದಲ್ಲಿ ಸಮುದ್ರ ಹಾರಿದವನು, ಲಂಕೆ ಸುಟ್ಟವನು. ಈ ಯುಗದಲ್ಲಿ ಅವನ ಪಾಲಿಗೆ ಬಂದ ಕೆಲಸ ಬಾಲ ಚಾಚಿ ಮಲಗುವುದು. ವಯಸ್ಸಾಯಿತು, ಏಳಲಾರೆ, ನೀನೇ ಬಾಲ ಸರಿಸಿ ಹೋಗಪ್ಪ ಅನ್ನುತ್ತಾನೆ. ಭೀಮನಿಗೆ ಬೆವರು ಕಿತ್ತುಕೊಂಡು ಬರುತ್ತದೆ. ಆಮೇಲಾದರೂ ಹನುಮಂತ ಗದೆ ಹಿಡಿದು ಕುರುಕ್ಷೇತ್ರಕ್ಕೆ ಇಳಿದನೇ? ಇಲ್ಲ. ಅರ್ಜುನನ ಬಾವುಟದಲ್ಲಿ ಕೂತ, ಅಷ್ಟೆ. ಜಾಂಬವಂತನೂ ಹಾಗೇ. ಮಗುವಿಗೆ ಆಡಲು ಸ್ಯಮಂತಕ ಮಣಿ ಕೊಟ್ಟು ತನ್ನ ಪಾಡಿಗೆ ಗುಹೆಯಲ್ಲಿದ್ದ, ಕೃಷ್ಣ ಹುಡುಕಿಕೊಂಡು ಬರುವವರೆಗೆ. ಈ ಸಾಲಿಗೆ ಸೇರದವನು ಅಶ್ವತ್ಥಾಮ. ಅವನಿಗೆ ಸಿಕ್ಕಿದ್ದು ಲಾಗ್‌ಔಟ್ ಮಾಡಲಾಗದ ಶಾಪ.

ನಿಮ್ಮ ಆಟದ ಹಿರಿಯರೂ ಇದೇ ದಾರಿ ಹಿಡಿದರು. ಈ ಬಗೆಯ ಆಟಗಳಿಗೆಲ್ಲ ಮೂಲವಾದ, ಮೇಜಿನ ಸುತ್ತ ಕೂತು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂತು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಅಮೆರಿಕದ ಲೇಕ್ ಜಿನೀವಾ ಎಂಬ ಊರಿನಲ್ಲಿ ಮಕ್ಕಳು ಮತ್ತು ಗೆಳೆಯರ ಜೊತೆ ಆಡುತ್ತಿದ್ದರು. ಮಗ ಲೂಕ್ ಆಡಿದ ಎಲ್ಫ್‌ನ (ಪಾಶ್ಚಾತ್ಯ ಕಥೆಗಳ ಯಕ್ಷನಂಥವನು) ಹೆಸರು ಮೆಲ್ಫ್. ಇನ್ನೊಬ್ಬ ಮಗ ಅರ್ನಿಯ ಮಾಂತ್ರಿಕ ಟೆನ್ಸರ್. ಆ ಹೆಸರುಗಳು ಆಟದ ಮಂತ್ರಗಳಿಗೆ ಅಂಟಿಕೊಂಡವು: ಮೆಲ್ಫ್‌ನ ಆಮ್ಲದ ಬಾಣ, ಟೆನ್ಸರ್‌ನ ತೇಲುವ ತಟ್ಟೆ. ಆ ತಟ್ಟೆ ಏನು ಮಾಡುತ್ತದೆ ಗೊತ್ತಾ? ಸಾಮಾನು ಹೊರುತ್ತದೆ! ದೊಡ್ಡ ದೊಡ್ಡ ಸಾಹಸ ಮಾಡಿದ ಮಾಂತ್ರಿಕನ ಹೆಸರು ಕೊನೆಗೆ ಉಳಿದದ್ದು ಗಂಟುಮೂಟೆ ಸಾಗಿಸುವ ಮಂತ್ರದಲ್ಲಿ. ನನಗಂತೂ ಇದಕ್ಕಿಂತ ಒಳ್ಳೆಯ ನಿವೃತ್ತಿ ಕಾಣುವುದಿಲ್ಲ. ಅವನನ್ನು ಕಂಡೇ ಇರದ ಹುಡುಗರು ದಿನಾ ಅವನ ಹೆಸರು ಹೇಳುತ್ತಾರೆ.

ಹಲವರು ಒಟ್ಟಿಗೆ ಟೈಪ್ ಮಾಡಿ ಆಡುವ ಆಟಗಳು ಶುರುವಾದದ್ದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮಡ್ ಎಂಬ ಆಟ ಬರೆದ. ಆಮೇಲೆ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಅಲ್ಲಿ ಸಾಕಷ್ಟು ಅಂಕ ಗಳಿಸಿದವನು ವಿಝರ್ಡ್ ಆಗುತ್ತಿದ್ದ. ಅಂದರೆ ಆಟ ಗೆದ್ದ, ಇನ್ನು ಅಂಕದ ಗೊಡವೆ ಇಲ್ಲ, ಕೈಯಲ್ಲಿ ವಿಶೇಷ ಅಧಿಕಾರ. 1989ರಲ್ಲಿ ಸ್ವೀಡನ್ನಿನ ಲಾರ್ಸ್ ಪೆನ್‌ಶೋ ಮಾಡಿದ ಎಲ್‌ಪಿಮಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ವಿಝರ್ಡ್ ಆದವನು ಕೋಡ್ ಬರೆದು ಹೊಸ ಊರು, ಕಾಡು, ರಾಕ್ಷಸರನ್ನು ಮಾಡಬಹುದಿತ್ತು. ಗೆದ್ದವನಿಗೆ ಸಿಂಹಾಸನದ ಬದಲು ಗುದ್ದಲಿ ಕೊಟ್ಟರು ಅನ್ನಿ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೀವು ಆಡಿರಬಹುದು. ಅದರ ಆಟಗಾರರೊಬ್ಬರು 2007ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಪಾತ್ರ, ಕೇಲೀ ಡಾಕ್ ಎಂಬ ಬೇಟೆಗಾರ್ತಿ, ಈಗ ಶಟ್ರಾತ್ ಎಂಬ ಊರಿನಲ್ಲಿ ಎನ್‌ಪಿಸಿ ಆಗಿ, ಅಂದರೆ ಆಟಗಾರರ ಬದಲು ಆಟವೇ ನಡೆಸುವ ಪಾತ್ರವಾಗಿ ನಿಂತಿದ್ದಾಳೆ. ಸ್ಟಾರ್ಮ್‌ವಿಂಡ್ ನಗರದ ಒಂದು ಪುಟ್ಟ ಹುಡುಗಿ ನಿಮ್ಮ ಕೈಗೆ ಪದ್ಯ ಕೊಟ್ಟು ಕೇಲೀಗೆ ತಲುಪಿಸಿ ಅನ್ನುತ್ತಾಳೆ. ಅಷ್ಟೇ ಕ್ವೆಸ್ಟ್. ಗುಡಿ ಇಲ್ಲ, ಗಂಟೆ ಇಲ್ಲ. ಕಾಗದ ಮುಟ್ಟಿಸುವ ಒಂದು ಸಣ್ಣ ಕೆಲಸ, ಅದರಲ್ಲೇ ಕಣ್ಣು ತುಂಬುತ್ತದೆ.

ಇನ್ನು ಗಿಲ್ಡ್ ವಾರ್ಸ್ ಎಂಬ ಆಟ. ಅದನ್ನು ಮಾಡಿದವರು ಆಟದೊಳಗೆ ಸ್ಮಾರಕ ಭವನವನ್ನೇ ಕಟ್ಟಿದರು. ಮೊದಲ ಆಟ 2005ರದು, ಎರಡನೆಯದು 2012ರದು. ಕಥೆಯಲ್ಲಿ ನಡುವೆ ಸುಮಾರು 250 ವರ್ಷ. ಹಳೇ ಪಾತ್ರದ ಸಾಧನೆಗಳನ್ನು ಭವನದಲ್ಲಿ ಜೋಡಿಸಿಟ್ಟರೆ 50 ಅಂಕಗಳವರೆಗೆ ಲೆಕ್ಕ ಹಾಕಿ, ಹೊಸ ಆಟದಲ್ಲಿ ಬಹುಮಾನ ಕೊಡುತ್ತಿದ್ದರು. ಒಳ್ಳೆಯ ವ್ಯವಸ್ಥೆಯೇ. ಆದರೆ ಪಾತ್ರ ಹೋಗಿ ಪದಕ ಉಳಿಯಿತು.

ಈಗ ನಿಮ್ಮ ಗುಡಿಗೆ ಬರೋಣ. ಬೇಡ ಮಾರಾಯರೇ. ನಮ್ಮ ಹಳ್ಳಿಗಳಲ್ಲಿ ಎಷ್ಟು ವೀರಗಲ್ಲುಗಳಿವೆ ನೋಡಿ. ದನ ಬಿಡಿಸಲು ಹೋಗಿ ಸತ್ತವನು, ಊರು ಕಾಯುತ್ತಾ ಸತ್ತವನು, ಎಲ್ಲರೂ ಕಲ್ಲಾಗಿ ನಿಂತಿದ್ದಾರೆ. ಅಂಥ ಒಂದು ಕಲ್ಲಿಗೆ ಎಮ್ಮೆ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ಅವನು ಯಾರು ಎಂದರೆ ಎಮ್ಮೆಯ ಯಜಮಾನರಿಗೆ ಗೊತ್ತಿರಲಿಲ್ಲ. ನಿಮ್ಮ ಬೆಟ್ಟದ ಗುಡಿಗೂ ಒಂದು ವಾರ ಹಳೇ ಗೆಳೆಯರು ಬಂದು ಹೋಗುತ್ತಾರೆ. ಹೊಸಬರು ಅಲ್ಲಿ ಏನೂ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಆ ಕಡೆ ತಲೆಯೂ ಹಾಕುವುದಿಲ್ಲ.

ಬದಲಿಗೆ ಆಕೆಗೆ ಊರ ಬಾಗಿಲ ಹತ್ತಿರ ಒಂದು ಗಿಡಮೂಲಿಕೆ ಅಂಗಡಿ ಇಡಿಸಿ. ಅವಳ ಒಳ್ಳೆಯ ಆಯುಧ, ಆಭರಣಗಳನ್ನು ಹೋಗುವ ಮುಂಚೆಯೇ ಹಂಚಿಬಿಡಿ, ಅಂಗಡಿಯವಳಿಗೆ ಅವು ಯಾಕೆ? ಲೆವೆಲ್ ಇಳಿಸಲು ಹೇಳಿ. ಮಂಡಿ ನೋವು ಇರಲಿ. ಹಳೇ ಯುದ್ಧದ ಬಗ್ಗೆ ಆಕೆ ಹೇಳುವ ಒಂದು ವಿಷಯ ತಪ್ಪಾಗಿರಲಿ, ಹೊಸಬರು ವಾದ ಮಾಡಲಿ. ಮುಖ್ಯವಾಗಿ, ಮಾತುಗಳನ್ನು ನೀವೇ ಬರೆದುಕೊಡಿ. ಬೆಳಿಗ್ಗೆ ಬಂದವನಿಗೆ ಏನನ್ನುತ್ತಾಳೆ, ಸಾಲ ಕೇಳಿದವನಿಗೆ ಏನನ್ನುತ್ತಾಳೆ, ಗಾಯಾಳುವನ್ನು ಹೊತ್ತು ತಂದವರನ್ನು ಹೇಗೆ ಬೈಯುತ್ತಾಳೆ. ಬೇರೆಯವರು ಆಕೆಯ ಬಾಯಿಗೆ ತಪ್ಪು ಮಾತು ತುರುಕುತ್ತಾರೆ ಅನ್ನುವ ಭಯಕ್ಕೆ ಇದೇ ಮದ್ದು.

ಒಂದು ಎಚ್ಚರಿಕೆ. ನಮ್ಮ ಕಚೇರಿಯ ಹುಡುಗನೊಬ್ಬ ಭಾನುವಾರಗಳಂದು ಗೆಳೆಯರ ಜೊತೆ ಇಂಥದೇ ಆಟ ಆಡುತ್ತಾನೆ. ಅವನ ಹಳೇ ಸೇನಾನಿಯನ್ನು ಆಟ ನಡೆಸುವವನು ಹೆದ್ದಾರಿಯ ಛತ್ರದ ಮಾಲೀಕನನ್ನಾಗಿ ಮಾಡಿದ. ಹೊಸ ಆಟಗಾರರು ಬಂದು ಉಂಡು, ದುಡ್ಡು ಕೊಡದೆ ಓಡಿಹೋದರು. ಹುಡುಗ ಒಂದು ವಾರ ಮುಖ ಊದಿಸಿಕೊಂಡಿದ್ದ. ನಾನು ಹೇಳಿದೆ, ಲೋ, ನಿನ್ನ ಸೇನಾನಿ ಈಗ ನಿಜವಾಗಿಯೂ ಆ ಊರಿನವನಾದ ಕಣೋ.

ಹೀಗೆ ಊರಿನವರಾಗಿ ಉಳಿಯುವುದು ಆಟದ ಹೊರಗೆ ಯಾರಿಗೆ ಬೇಕಾಗಿದೆ ಹೇಳಿ. ಅರವತ್ತು ದಾಟಿದ ನಾಯಕನಟ ಇನ್ನೂ ಕಾಲೇಜಿಗೆ ಹೋಗುತ್ತಾನೆ, ಅಪ್ಪನ ಪಾತ್ರ ಕೊಟ್ಟರೆ ಅವಮಾನ. ಸಂಘದ ಅಧ್ಯಕ್ಷರು ಕುರ್ಚಿ ಬಿಟ್ಟರೆ ಗೌರವಾಧ್ಯಕ್ಷರಾಗುತ್ತಾರೆ, ಸಭೆಯಲ್ಲಿ ನೀರು ಹಂಚುವವರಾಗುವುದಿಲ್ಲ. ಬದುಕಿದ್ದಾಗಲೇ ರಸ್ತೆಗೆ ಹೆಸರು, ವೃತ್ತಕ್ಕೆ ಪುತ್ಥಳಿ. ಸಂಪಾದಕರ ಜಾತಿಯೂ ಕಡಿಮೆಯೇನಲ್ಲ. ಖುರ್ಚಿ ಬಿಟ್ಟ ಮೇಲೆ ವಾರಕ್ಕೊಮ್ಮೆ ಬಂದು ಪ್ರೂಫ್ ತಿದ್ದಿಕೊಟ್ಟು ಹೋದ ಸಂಪಾದಕನನ್ನು ನಾನು ಕಂಡಿಲ್ಲ. ಅಂಕಣ ಬರೆಯಲು ಎಲ್ಲರೂ ತಯಾರು.

ಇನ್ನೊಂದು ಸಂಕಟ ಇದೆ. ನೀವು ಪಾತ್ರ ಬಿಟ್ಟುಕೊಡುವ ಆ ಲೋಕ ಯಾರದು? ಗೈಗ್ಯಾಕ್ಸ್ ತಾವು ಕಟ್ಟಿದ ಕಂಪನಿಯಿಂದ ಹೊರಬಿದ್ದಾಗ ಅವರ ಸ್ವಂತ ಪಾತ್ರ ಮಾರ್ಡನ್‌ಕೈನನ್ ಕಂಪನಿಯಲ್ಲೇ ಉಳಿಯಿತು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಂಬ ಆನ್‌ಲೈನ್ ಆಟ 2011ರ ಡಿಸೆಂಬರ್ 15ರಂದು ಮುಚ್ಚಿತು. ಸಿಟಿ ಆಫ್ ಹೀರೋಸ್ ಎಂಬ ಇನ್ನೊಂದು ಆಟ 2012ರ ನವೆಂಬರ್ 30ರಂದು. ಅಲ್ಲಿ ಗುಡಿಯೂ ಹೋಯಿತು, ಅಂಗಡಿಯೂ ಹೋಯಿತು. ಸಿಟಿ ಆಫ್ ಹೀರೋಸ್ ಅನ್ನು ಅಭಿಮಾನಿಗಳು ತಮ್ಮದೇ ಸರ್ವರ್‌ನಲ್ಲಿ ಮತ್ತೆ ಎಬ್ಬಿಸಿದರು. ಅವರಲ್ಲಿ ಒಂದು ಗುಂಪಿಗೆ 2024ರಲ್ಲಿ ಕಂಪನಿಯಿಂದ ಅಧಿಕೃತ ಪರವಾನಗಿಯೂ ಸಿಕ್ಕಿತು. ಎಲ್ಲ ಆಟಗಳಿಗೂ ಆ ಪುಣ್ಯ ಇರುವುದಿಲ್ಲ.

ಹಾಗಾಗಿ ಒಪ್ಪಿಗೆ ಕೊಡುವ ಮುಂಚೆ ನಿಮ್ಮ ಹಳೇ ಆಟದ ಲಾಗ್ ಫೈಲ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಟೈಪ್ ಮಾಡಿ ಆಡಿದ ಆಟ, ಮಾತು ಮಾತೂ ಅದರಲ್ಲೇ ಇರುತ್ತದೆ. ಅಂಗಡಿಯವಳಿಗೆ ಮಾತು ಬರೆಯುವಾಗ ಆ ಲಾಗ್‌ಗಳನ್ನೇ ಎದುರಿಗಿಟ್ಟುಕೊಂಡು ಬರೆಯಿರಿ. ಬರೆದದ್ದರಲ್ಲಿ ಬೈಗುಳದ ಭಾಗವನ್ನು ನಮಗೂ ಕಳಿಸಿ. ಚೆನ್ನಾಗಿದ್ದರೆ ಅಚ್ಚು ಹಾಕೋಣ.