ಹಳೆಯ ಬುಡಗಳನ್ನು ಒಮ್ಮೆಗೇ ಕೀಳಬೇಡಿ

ಕೊಡಗಿನ ಓದುಗರೊಬ್ಬರ ಪತ್ರ: "ಅಜ್ಜ ಮಾಡಿದ ಏಲಕ್ಕಿ ತೋಟ. ಒಂದು ಬುಡದಂತೆ ಇನ್ನೊಂದಿಲ್ಲ. ಎಲ್ಲ ಕಿತ್ತು ನಳ್ಳಾನಿ ತಳಿ ಹಾಕು ಎನ್ನುತ್ತಾರೆ ನೆಂಟರು. ಏನು ಮಾಡಲಿ?"

ಮಾನ್ಯರೇ,

ಕೀಳುವ ಮೊದಲೇ ಬರೆದಿರಿ, ಸಮಾಧಾನವಾಯಿತು. "ಒಂದರಂತೆ ಇನ್ನೊಂದಿಲ್ಲ" ಎಂಬುದನ್ನು ನೀವು ಕೊರತೆಯೆಂದು ಬರೆದಿದ್ದೀರಿ. ನನಗೆ ಅದು ಆಸ್ತಿಯಾಗಿ ಕಾಣುತ್ತದೆ. ಏಲಕ್ಕಿಯಲ್ಲಿ ಪರಾಗ ಸಾಗಿಸುವುದು ಜೇನು. ಎರಡು ಬುಡಗಳ ಗುಣ ಬೆರೆಯುವುದರಿಂದ ಬೀಜದ ಸಸಿ ತಾಯಿಯನ್ನೇ ಹೋಲುವುದಿಲ್ಲ. ಕಂದಿನಿಂದ, ಅಂದರೆ ಬುಡದಲ್ಲಿ ಒಡೆಯುವ ಮರಿಯಿಂದ, ಬಂದದ್ದು ಮಾತ್ರ ತಾಯಿಯಂತೆಯೇ ಇರುತ್ತದೆ. ನಿಮ್ಮ ಅಜ್ಜ ಬೀಜದ ಸಸಿಗಳನ್ನೇ ನೆಟ್ಟಿರಬೇಕು.

ಏಲಕ್ಕಿಯಲ್ಲಿ ಮೂರು ಬಗೆ: ಹೂಗೊಂಚಲು ನೆಲದ ಮೇಲೆ ಹರಿದರೆ ಮಲಬಾರ್, ನೆಟ್ಟಗೆ ನಿಂತರೆ ಮೈಸೂರು, ನಡುವಿನದು ವಳುಕ್ಕ. ಹೆಸರು ಮೈಸೂರಾದರೂ ಕರ್ನಾಟಕದ ತೋಟಗಳಲ್ಲಿ ಹೆಚ್ಚಾಗಿರುವುದು ಮಲಬಾರ್. ಪರಿಮಳದಲ್ಲೂ ವ್ಯತ್ಯಾಸವಿದೆ: ಮಲಬಾರ್‌ನಲ್ಲಿ ಸಿನಿಯೋಲ್ ಎಂಬ ತೈಲಾಂಶ ಹೆಚ್ಚಿದ್ದು ಕರ್ಪೂರದ ಖಾರ ಮೂಗಿಗೆ ಬಡಿಯುತ್ತದೆ, ಮೈಸೂರಿನದು ಸಿಹಿ ಘಮ.

ಈಗ ಕಟ್ಟೆ ರೋಗದ ಮಾತು. ಗಿಡಹೇನುಗಳಿಂದ ಹರಡುವ ಈ ವೈರಸ್ ಎಳೆಯ ಎಲೆಯಲ್ಲಿ ತಿಳಿಹಸಿರು ಗೆರೆ ಎಳೆದು ತೋಟವನ್ನೇ ಸೊರಗಿಸುತ್ತದೆ. ಇದಕ್ಕೆ ಔಷಧವಿಲ್ಲ. ನಿಮ್ಮ ಕೊಡಗಿನದೇ ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದವರು ಹುಡುಕಿದ್ದು ಕಟ್ಟೆ ನುಗ್ಗಿದ ತೋಟಗಳಲ್ಲೂ ಹಸಿರಾಗಿ ನಿಂತಿದ್ದ ಒಂಟಿ ಬುಡಗಳನ್ನು. ಕಟ್ಟೆ ತಡೆಯುವ 'ವಿಜೇತ' ತಳಿ ಬಂದದ್ದು ಅಂಥ ಬುಡದಿಂದಲೇ. ಎಲ್ಲವೂ ಒಂದೇ ತಾಯಿಯ ಕಂದುಗಳಾಗಿದ್ದರೆ ಹಾಗೆ ಉಳಿಯುವ ಬುಡ ಎಲ್ಲಿಂದ ಬರಬೇಕಿತ್ತು?

ನಳ್ಳಾನಿಯನ್ನು ನಾನು ಹಳಿಯುತ್ತಿಲ್ಲ. ಕೇರಳದ ಇಡುಕ್ಕಿಯ ರೈತ ಸೆಬಾಸ್ಟಿಯನ್ ಜೋಸೆಫ್ ಆರಿಸಿ ಬೆಳೆಸಿದ ಆ ತಳಿ ಇಳುವರಿಯಲ್ಲಿ ಹೆಸರುವಾಸಿ. ಆದರೆ ಅದು ಇಡುಕ್ಕಿಯ ಮಣ್ಣು, ನೀರು, ಗೊಬ್ಬರ ಕಂಡ ತಳಿ. ನಿಮ್ಮಲ್ಲಿ ಹೇಗೆಂದು ಒಂದು ಮೂಲೆಯಲ್ಲಿ ಹಾಕಿ ನೋಡಿ. ಅಲ್ಲದೆ, ಅಂಥ ಆಯ್ಕೆಗೂ ಬಗೆಬಗೆಯ ಬುಡಗಳಿರುವ ತೋಟ ಬೇಕಲ್ಲವೇ?

ಈ ವರ್ಷವೇ ಬುಡಬುಡಕ್ಕೂ ಗುರುತು ಹಾಕಿ. ಯಾವುದು ಬರ ತಡೆದುಕೊಂಡಿತು, ಯಾವುದರ ಕಾಯಿ ದಪ್ಪ, ಯಾವುದು ಮಳೆಗಾಲದಲ್ಲಿ ಕೊಳೆಯಲಿಲ್ಲ ಎಂದು ಬರೆದಿಡಿ. ಚೆನ್ನಾಗಿರುವವನ್ನು ಅಪ್ಪಂಗಳದವರಿಗೆ ತೋರಿಸಿ. ಕಟ್ಟೆ ಹಿಡಿದ ಬುಡಗಳನ್ನು ಮಾತ್ರ ಬೇರುಸಹಿತ ಕಿತ್ತುಹಾಕಿ, ಅವುಗಳ ಕಂದನ್ನು ಯಾರಿಗೂ ಕೊಡಬೇಡಿ. ಆ ರೋಗ ಬೀಜದಲ್ಲಿ ದಾಟುವುದಿಲ್ಲ, ಕಂದಿನಲ್ಲಿ ದಾಟುತ್ತದೆ.

- ಸಂ.