ಟೆಂಡರೇ ಕಾಣದ ರಸ್ತೆ ಗುತ್ತಿಗೆ
ಶಾಸಕರ ಆಪ್ತರ ಕಂಪನಿಗೇ ಊರಿನ ರಸ್ತೆ ಕೆಲಸವೆಲ್ಲ ಹೋಗುತ್ತಿದೆ, ಸರ್ಕಾರದ ಟೆಂಡರ್ ಪೋರ್ಟಲ್‌ನಲ್ಲಿ ಟೆಂಡರ್ ಕಾಣುತ್ತಿಲ್ಲ ಎಂದಿದ್ದೀರಿ. ಬಹುಶಃ ಇದು 4(ಜಿ) ವಿನಾಯಿತಿ. 1999ರ ಕೆಟಿಪಿಪಿ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ) ಕಾಯ್ದೆಯ ಈ ಕಲಮಿನಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆಯೇ ಕೆಲಸ ಕೊಡಬಹುದು. ಇಲ್ಲವೇ ಸಣ್ಣ ಕೆಲಸಗಳನ್ನೆಲ್ಲ ಸೇರಿಸಿ ಒಂದೇ ಪ್ಯಾಕೇಜ್ ಮಾಡಿರಬಹುದು. ಆಗ ರಸ್ತೆಯ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ನಿಮ್ಮದು ಯಾವುದು ಎಂದು ಕಾರ್ಯಾದೇಶ (ಕೆಲಸ ಶುರು ಮಾಡಲು ಗುತ್ತಿಗೆದಾರರಿಗೆ ಕೊಡುವ ಆದೇಶ) ನೋಡದೆ ಹೇಳಲಾಗದು.

ಮೊದಲು ಕೆಲಸದ ಜಾಗದಲ್ಲಿ ಬೋರ್ಡ್ ಇದ್ದರೆ ಫೋಟೊ ತೆಗೆಯಿರಿ. ಆಮೇಲೆ ಕೆಲಸ ಮಾಡಿಸುತ್ತಿರುವ ಇಲಾಖೆಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. (ನಾನು ಮೊದಲ ಸಲ ನಾಲ್ಕು ವಿಷಯ ತುರುಕಿದ್ದೆ, ಅರ್ಜಿ ವಾಪಸ್ ಬಂತು.) 'ಅವರಿಗೇ ಯಾಕೆ ಕೊಟ್ಟಿರಿ' ಎಂದು ಸುಮ್ನೆ ಕೇಳಬೇಡಿ. ದಾಖಲೆ ಕೇಳಿ: ಕಾರ್ಯಾದೇಶ, 4(ಜಿ) ಅಧಿಸೂಚನೆ, ಟೆಂಡರ್ ಆಗಿದ್ದರೆ ಬಿಡ್‌ಗಳ ತುಲನಾ ಪಟ್ಟಿ, ಅಳತೆ ಪುಸ್ತಕ (ಆದ ಕೆಲಸದ ಅಳತೆ ಬರೆದಿಡುವ ದಾಖಲೆ). 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಆ ಕಂಪನಿಯ ನಿರ್ದೇಶಕರ ಹೆಸರು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ನಂಟಸ್ತಿಕೆ ಇದ್ದ ಮಾತ್ರಕ್ಕೆ ಅಕ್ರಮ ಆಗುವುದಿಲ್ಲ. ಕಾಗದಪತ್ರದಲ್ಲೇ ತಪ್ಪು ಕಂಡರೆ ಲೋಕಾಯುಕ್ತಕ್ಕೆ ದೂರು ಕೊಡಿ.