ದಿನಾ ಅದೇ ಕೆಲಸ, ಅದರಲ್ಲಿ ಖುಷಿ ಎಲ್ಲಿಂದ ಬರುತ್ತದೆ?

"ಬೆಳಿಗ್ಗೆ ಎದ್ದರೆ ಆಫೀಸು, ಸಂಜೆ ಮನೆ, ಮರುದಿನ ಮತ್ತೆ ಅದೇ. ಯಾವುದಕ್ಕೂ ಅರ್ಥ ಇದ್ದ ಹಾಗೆ ಅನಿಸುವುದಿಲ್ಲ. ನೀವೆಲ್ಲ ದಿನದಿನದ ಬದುಕಿನಲ್ಲಿ ಖುಷಿ ಹೇಗೆ ಕಂಡುಕೊಳ್ಳುತ್ತೀರಿ?" ಅಂತ ಕೇಳಿದ್ದೀರಿ. ಎರಡು ಸಲ ಓದಿದೆ. ನನ್ನ ಹತ್ತಿರ ಇರುವುದು ಒಂದೇ ಉತ್ತರ, ಅದು ಮಲ್ಲಿಗೆಯ ಕತೆ.

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಸ್ವಲ್ಪ ಒಳಗೆ ಹೋದರೆ ಶಂಕರಪುರ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್, ಅಂದರೆ ಇದು ಈ ಊರಿನದ್ದೇ ಬೆಳೆ ಅನ್ನುವ ಸರಕಾರಿ ಗುರುತು, ಸಿಕ್ಕಿದೆಯಲ್ಲ, ಆ ಹೂವಿನ ಊರು. ಅಲ್ಲೇ ಹತ್ತಿರ ನಮ್ಮ ಮನೆ. ಅಂಗಳದ ಪಕ್ಕ 35 ಗಿಡ ಇವೆ. ನಮ್ಮ ಕಡೆ ಹಿಂದೂ, ಕ್ರಿಶ್ಚಿಯನ್ ಅಂತಿಲ್ಲ, ಎಷ್ಟೋ ಮನೆಗಳ ಹೆಂಗಸರ ಕೈಗೆ ಸ್ವಂತ ದುಡ್ಡು ಬಂದದ್ದು ಈ ಗಿಡಗಳಿಂದಲೇ. ನನ್ನ ಶಾಲೆಯ ಫೀಸೂ ಹಾಗೇ ಕಟ್ಟಿದ್ದು.

ಆದರೆ ಚಿಕ್ಕವಳಿದ್ದಾಗ ನನಗೆ ಈ ಕೆಲಸ ಒಂದು ಚೂರೂ ಇಷ್ಟ ಇರಲಿಲ್ಲ. ಕತ್ತಲೆ ಇರುವಾಗಲೇ ಏಳಬೇಕು, ಇಬ್ಬನಿಯಲ್ಲಿ ಕೈ ಒದ್ದೆ, ಸೊಳ್ಳೆ ಬೇರೆ. ಓದು ಮುಗಿದದ್ದೇ ಬೆಂಗಳೂರಿಗೆ ಹೋದೆ. ಹನ್ನೊಂದು ವರ್ಷ ಒಂದು ಕಂಪನಿಯಲ್ಲಿ ಕೆಲಸ ಮಾಡಿದೆ. ಸಂಬಳ ಚೆನ್ನಾಗಿತ್ತು. ಕೊನೆಯಲ್ಲಿ ಎಂಟು ತಿಂಗಳು ರಾತ್ರಿ ಹಗಲು ಒಂದು ಪ್ರಾಜೆಕ್ಟ್ ಮಾಡಿದ್ದೆವು. ಒಂದು ಸೋಮವಾರ ಕರೆದು, ಅದು ಬೇಡ, ನಿಲ್ಲಿಸಿ ಅಂದರು. ಆ ಎಂಟು ತಿಂಗಳು ಎಲ್ಲಿ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನೀವು ಬರೆದ ಆ ಖಾಲಿತನ ನನಗೆ ಚೆನ್ನಾಗಿ ಗೊತ್ತು.

2021ರಲ್ಲಿ ಅಮ್ಮನ ಮೊಣಕಾಲಿನ ಆಪರೇಶನ್ ಅಂತ ಊರಿಗೆ ಬಂದವಳು ಇಲ್ಲೇ ಉಳಿದೆ. ಈಗ ಎರಡು ಮೂರು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಮಾತ್ರ ಮಲ್ಲಿಗೆ.

ಐದು ಗಂಟೆಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ಗಿಡಕ್ಕೆ ಇಳಿಯುತ್ತೇವೆ. ಕೊಯ್ಯುವುದು ಅರಳಿದ ಹೂವಲ್ಲ, ಮೊಗ್ಗು. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆ ಯಾರದ್ದೋ ಮುಡಿಯಲ್ಲಿ ಅರಳಬೇಕು. ಒಂದೇ ಗೊಂಚಲಿನಲ್ಲಿ ಇವತ್ತಿನ ಮೊಗ್ಗೂ ಇರುತ್ತದೆ, ನಾಳೆಯದ್ದೂ ಇರುತ್ತದೆ. ಇವತ್ತಿನದ್ದು ತುಂಬಿಕೊಂಡು ಬಿಳಿಯಾಗಿರುತ್ತದೆ. ನಾಳೆಯದ್ದರ ಬುಡದಲ್ಲಿ ತುಸು ಹಸಿರು ಉಳಿದಿರುತ್ತದೆ. ಮೊದಮೊದಲು ನನಗೆ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಈಗ ಬೆರಳಿಗೇ ಗೊತ್ತಾಗುತ್ತದೆ. ನಾಳೆಯದ್ದನ್ನು ಮುಟ್ಟಿದ ಬೆರಳು ತಾನಾಗಿ ಸರಿದು ಪಕ್ಕದ್ದಕ್ಕೆ ಹೋಗುತ್ತದೆ. ಇದಾಗಲು ಎಂಟೊಂಬತ್ತು ತಿಂಗಳೇ ಬೇಕಾಯಿತು. ಆ ಎಂಟೊಂಬತ್ತು ತಿಂಗಳು ಎಲ್ಲೂ ಹೋಗಲಿಲ್ಲ, ನನ್ನ ಕೈಯಲ್ಲೇ ಇದೆ.

ಆಮೇಲೆ ಚಾವಡಿಯಲ್ಲಿ ಕೂತು ಕಟ್ಟುವುದು. ನೂಲು ಅಲ್ಲ, ಬಾಳೆಯ ಒಣ ಪಟ್ಟೆಯಿಂದ ಸೀಳಿ ತೆಗೆದು ನೆನೆಸಿಟ್ಟ ನಾರು. 800 ಮೊಗ್ಗು ಸೇರಿದರೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಮೊಗ್ಗು. ನಮ್ಮದು ಒಳ್ಳೆಯ ದಿನ ಎರಡು ಚೆಂಡು ಆಗುತ್ತದೆ, ಅಷ್ಟೇ. ಅಮ್ಮ ತುಳುವಿನಲ್ಲಿ ಎಣಿಸುತ್ತಾರೆ, ಒಂಜಿ, ರಡ್ಡ್, ಮೂಜಿ, ನಾಲ್. ತುಟಿ ಮಾತ್ರ ಅಲುಗುತ್ತದೆ. ಆಗ ಯಾರು ಕರೆದರೂ ಕೇಳುವುದಿಲ್ಲ.

ಹೂವು ತೆಗೆದುಕೊಳ್ಳುವವರು ನಮ್ಮ ಚೆಂಡನ್ನು ಬಿಚ್ಚಿ ಎಣಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಹತ್ತು ಕಡಿಮೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನಿಗೂ ಅದು ಗೊತ್ತು. ಆದರೂ ಅವರ 800 ಅಂದರೆ 800. ನನಗೆ ಬದುಕಿನಲ್ಲಿ ಅರ್ಥ ಅಂತ ಏನಾದರೂ ಕಣ್ಣಿಗೆ ಕಂಡಿದ್ದರೆ ಅದು ಅಮ್ಮ ಎಣಿಸುವಾಗಿನ ಆ ಮುಖದಲ್ಲೇ.

ಹೂವು ಎಲ್ಲಿಗೆ ಹೋಗುತ್ತದೆ ಅಂತ ಪೂರ್ತಿ ಗೊತ್ತಾಗುವುದಿಲ್ಲ. ಮಂಗಳೂರಿಗೆ, ಮುಂಬೈಗೆ, ಮದುವೆ ಮನೆಗೆ, ಭೂತಕೋಲಕ್ಕೆ. ಮೂಲ್ಕಿ ಹತ್ತಿರದ ಬಪ್ಪನಾಡಿನಲ್ಲಿ ಜಾತ್ರೆಯ ಸಮಯ ದೇವಿಗೆ ಮಲ್ಲಿಗೆಯ ಶಯನೋತ್ಸವ ಇದೆ, ಚೆಂಡುಗಳ ರಾಶಿಯೇ ಬೀಳುತ್ತದೆ. ಒಂದು ವರ್ಷ ಅಮ್ಮ ಅಲ್ಲಿ ನಿಂತು ತುಂಬಾ ಹೊತ್ತು ನೋಡುತ್ತಿದ್ದರು. ಇದರಲ್ಲಿ ನಮ್ಮದೂ ಇರಬಹುದು ಅಲ್ವಾ ಅಂದರು. ಹಿಂದಿನ ದಿನ ಕೊಯ್ಯುವಾಗ ತಪ್ಪಿಹೋದ ಮೊಗ್ಗು ರಾತ್ರಿ ಗಿಡದಲ್ಲೇ ಅರಳಿಬಿಡುತ್ತದೆ. ಅದನ್ನು ಕಟ್ಟಲು ಬರುವುದಿಲ್ಲ. ಅದು ನಮ್ಮದು. ತುಳಸಿ ಕಟ್ಟೆಗೊಂದು, ಅಪ್ಪನ ಫೋಟೋಕ್ಕೊಂದು, ನನ್ನ ಲೆಕ್ಕದ ಪುಸ್ತಕದ ಪಕ್ಕಕ್ಕೊಂದು.

ಎಲ್ಲ ದಿನ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಎರಡು ಸಾವಿರ ದಾಟುವ ರೇಟು, ಇನ್ನೊಂದು ವಾರ ಕೆಲವು ನೂರಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಮೊಗ್ಗು ಕೊಳೆಯುತ್ತದೆ. ಬೇಸರ ಬರುತ್ತದೆ, ಜಾಸ್ತಿಯೇ ಬರುತ್ತದೆ.

"ಇಷ್ಟವಾದ ಕೆಲಸ ಹುಡುಕಿಕೊಳ್ಳಿ" ಅಂತ ನಿಮಗೆ ತುಂಬಾ ಜನ ಹೇಳಬಹುದು. ನನಗದು ಸರಿ ಅನಿಸುವುದಿಲ್ಲ. ನನಗೆ ಇಷ್ಟವಿಲ್ಲದ ಕೆಲಸವೇ, ಕೈಗೆ ಬಂದ ಮೇಲೆ ಇಷ್ಟವಾದದ್ದು. ಅದಕ್ಕೆ ಒಂದು ಲೆಕ್ಕ ಇದೆ, ಬೆಳಿಗ್ಗೆ ಶುರುವಾದದ್ದು ಒಂಬತ್ತು ಗಂಟೆಗೆ ಮುಗಿಯುತ್ತದೆ, ಮುಗಿದದ್ದು ಕಣ್ಣಿಗೆ ಕಾಣುತ್ತದೆ. ನೀವು ಆಫೀಸು ಬಿಟ್ಟು ಹೂವಿನ ಗಿಡ ನೆಡಬೇಕಾಗಿಲ್ಲ. ನಿಮ್ಮ ದಿನದಲ್ಲಿ ಅಂಥ ಒಂದು ಸಣ್ಣ ಕೆಲಸ ಇರಬಹುದು. ಸುಮ್ನೆ ಮಾಡಿ ಮುಗಿಸುವ ಬದಲು ಒಂದು ವಾರ ಅದರ ಜೊತೆ ಪೂರ್ತಿ ಇದ್ದು ನೋಡಿ.

ಇವತ್ತು ಬೆಳಿಗ್ಗೆ ಜೋರು ಮಳೆ. ಅರ್ಧ ಚೆಂಡಿಗೆ 400 ಬೇಕು. ಅಮ್ಮ ಎಣಿಸಿ, ಆರು ಕಡಿಮೆ ಇದೆ ಅಂದರು. ಕೊಡೆ ಹಿಡಿದು ಮತ್ತೆ ಗಿಡಕ್ಕೆ ಇಳಿದೆ. ಎಲೆಗಳ ಅಡಿಯಲ್ಲಿ ಹುಡುಕಿ ಹುಡುಕಿ ಐದು ಸಿಕ್ಕಿತು. ಒಳಗೆ ಬಂದರೆ ಅಮ್ಮ ಬುಟ್ಟಿಯನ್ನು ಕವುಚಿ ಹಾಕಿ ತಟ್ಟುತ್ತಿದ್ದರು. ಆರನೆಯದ್ದು ಬೆತ್ತದ ಹೆಣಿಗೆಯ ನಡುವೆ ಸಿಕ್ಕಿಕೊಂಡಿತ್ತು.